ಪ್ರಶ್ನೆ ಉದ್ಭವಿಸುವುದಿಲ್ಲ

ಪೌರನೀತಿಯ ಪಾಠದಲ್ಲಿ ‘ಪ್ರಶ್ನೋತ್ತರ ವೇಳೆ’ ಎಂಬುದು ಎರಡು ಅಂಕದ ಟಿಪ್ಪಣಿಯಾಗಿತ್ತು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರಿಸಬೇಕು, ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತವಾಗಿ ಉತ್ತರಿಸಬೇಕು ಎಂದು ಬರೆದರೆ ಅಂಕ ದೊರೆಯುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅದಿನ್ನೂ ನೆನಪಿರಬಹುದು. ಆ ಟಿಪ್ಪಣಿಯಲ್ಲಿ ಅಡಗದ ಸಂಗತಿಗಳನ್ನು ಕುರಿತು ಬರೆಯುವ ಆಸೆ ಬಹಳ ದಿನಗಳಿಂದ ಇತ್ತು.

ಆಳುವವರನ್ನು ಪ್ರಶ್ನಿಸುವ ಹಕ್ಕು ಈ ದೇಶದಲ್ಲಿ ಹನಿಹನಿಯಾಗಿ ಬಂದಿತು. ನಮ್ಮ ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅಲ್ಲಿ ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ಯಾವುದನ್ನೂ ನಿರ್ಧರಿಸುವಂತಿರಲಿಲ್ಲ. ಬ್ರಿಟಿಷ್ ಇಂಡಿಯಾದ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಅಧಿಕಾರ ದೊರೆತದ್ದು 1892ರ ಕಾಯಿದೆಯಿಂದ. ಕೊಟ್ಟ ಉತ್ತರದ ಮೇಲೆ ಮತ್ತೊಂದು ಮಾತು ಎತ್ತುವ ಹಾಗಿರಲಿಲ್ಲ. 1909ರಲ್ಲಿ ಉಪಪ್ರಶ್ನೆಗೆ ಅವಕಾಶವಾಯಿತು. ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. 1919ರ ಸುಧಾರಣೆಗಳ ಅನಂತರವೇ ಯಾವ ಸದಸ್ಯರಾದರೂ ಉಪಪ್ರಶ್ನೆ ಕೇಳುವಂತಾಯಿತು. ಉಪಪ್ರಶ್ನೆಯೇ ಈ ಪದ್ಧತಿಯ ಜೀವಾಳ. ಮೊದಲ ಉತ್ತರವನ್ನು ಕಚೇರಿಯ ಗುಮಾಸ್ತರು ಬರೆದುಕೊಡಬಹುದು. ಎರಡನೆಯದಕ್ಕೆ ಮಂತ್ರಿಗಳು ತಾವೇ ವಿಷಯ ತಿಳಿದಿರಬೇಕು.

ದುಡಿಯುವವರ ಪ್ರಾಣ ಮತ್ತು ಕೂಲಿಯ ಪ್ರಶ್ನೆ ಸಭೆಯ ಮುಂದೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಕಲ್ಲಿದ್ದಲು ಗಣಿಯ ಹೆಂಗಸರ ವಿಚಾರ ಒಂದು ಒಳ್ಳೆಯ ನಿದರ್ಶನ. ಝರಿಯಾ, ರಾಣಿಗಂಜ್ ಪ್ರದೇಶಗಳ ಗಣಿಗಳಲ್ಲಿ ಗಂಡ ಕಲ್ಲಿದ್ದಲನ್ನು ಕಡಿದರೆ ಹೆಂಡತಿ ಬುಟ್ಟಿಯಲ್ಲಿ ಹೊರುವುದು ಹಿಂದಿನಿಂದ ನಡೆದುಬಂದಿತ್ತು. 1929ರಲ್ಲಿ ಸರ್ಕಾರ ನೆಲದೊಳಗಿನ ಕೆಲಸದಿಂದ ಹೆಂಗಸರನ್ನು ಹಂತಹಂತವಾಗಿ ಹೊರಗಿಡಲು ನಿಯಮ ಮಾಡಿತು. 1937ರಲ್ಲಿ ನಿಷೇಧ ಪೂರ್ಣವಾಯಿತು. ಹೆಂಗಸರನ್ನು ಗಣಿಯೊಳಗೆ ದುಡಿಸಬಾರದೆಂಬ 1935ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1938ರಲ್ಲಿ ಸಮ್ಮತಿಯನ್ನೂ ಕೊಟ್ಟಿತ್ತು. ಅಷ್ಟರಲ್ಲಿ ಯುದ್ಧ ಬಂದಿತು. ಕೂಲಿಯಾಳುಗಳು ಹೆಚ್ಚು ಸಂಬಳದ ಸೈನ್ಯದ ಕಾಮಗಾರಿಗಳಿಗೆ ಹೊರಟುಹೋದರು. ರೈಲಿಗೂ ಕಾರ್ಖಾನೆಗೂ ಕಲ್ಲಿದ್ದಲು ಸಾಲದಾಯಿತು. 1943ರಲ್ಲಿ ಸರ್ಕಾರ ನಿಷೇಧವನ್ನು ತೆಗೆದುಹಾಕಿತು.

ಆಗ ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದವರು ಡಾ. ಬಿ. ಆರ್. ಅಂಬೇಡ್ಕರ್. 1942ರಿಂದ 1946ರವರೆಗೆ ಅವರು ಆ ಸ್ಥಾನದಲ್ಲಿದ್ದರು. ಸಂವಿಧಾನ ಶಿಲ್ಪಿಯೆಂದು ಅವರನ್ನು ಅರಿತಿರುವ ನಮ್ಮಲ್ಲಿ ಅನೇಕರಿಗೆ ಈ ನಾಲ್ಕು ವರ್ಷಗಳ ಕೆಲಸ ಅಷ್ಟಾಗಿ ತಿಳಿಯದು. ಪಠ್ಯಪುಸ್ತಕಗಳೂ ಅದನ್ನು ದಾಟಿಹೋಗುತ್ತವೆ. ನಿಷೇಧ ತೆಗೆದದ್ದನ್ನು ಅಖಿಲ ಭಾರತ ಮಹಿಳಾ ಸಮ್ಮೇಳನ ಬಲವಾಗಿ ವಿರೋಧಿಸಿತು. 1944ರ ಫೆಬ್ರವರಿಯಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ನಿಲುವಳಿ ಸೂಚನೆಯ ರೂಪದಲ್ಲಿ ವಿಷಯ ಚರ್ಚೆಗೆ ಬಂದಿತು. ಕಾರ್ಮಿಕರ ಪರವಾಗಿ ನಿಲ್ಲಬೇಕಾದ ಮನುಷ್ಯನೇ ಈ ನಿರ್ಧಾರವನ್ನು ಸಮರ್ಥಿಸಬೇಕಾದ ಇಕ್ಕಟ್ಟು ಅದು.

ಅವರು ಕೊಟ್ಟ ಉತ್ತರದಲ್ಲಿ ನನ್ನ ಗಮನ ಸೆಳೆದದ್ದು ಅದರ ನೇರತನ. ಇದು ತುರ್ತಿನ ಕ್ರಮ, ಶಾಶ್ವತವಲ್ಲ ಎಂದರು. ಹೆಂಗಸರನ್ನು ಬಲವಂತದಿಂದ ಯಾರೂ ಇಳಿಸುತ್ತಿಲ್ಲವೆಂದರು. ಅದೇ ಕೆಲಸಕ್ಕೆ ಗಂಡಸಿಗೆ ಕೊಡುವಷ್ಟೇ ಕೂಲಿಯನ್ನು ಹೆಂಗಸಿಗೂ ಕೊಡಬೇಕೆಂಬ ಷರತ್ತು ಹಾಕಿರುವುದನ್ನು ಸಭೆಗೆ ತಿಳಿಸಿದರು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ ಒಂದು ಉದ್ಯಮದಲ್ಲಿ ನೆಲೆಗೊಳ್ಳುತ್ತಿರುವುದು ಇದೇ ಮೊದಲೆಂದು ತಮ್ಮ ಅಭಿಪ್ರಾಯವೆಂದರು. ಅವರು ಮಾತಾಡಿದ್ದು ಬರಿಯ ಕಡತ ನೋಡಿಯಲ್ಲ. 1943ರ ಡಿಸೆಂಬರಿನಲ್ಲಿ ಧನಬಾದಿಗೆ ಹೋಗಿ ತಾವೇ ಗಣಿಯೊಳಗೆ ಇಳಿದು ನೋಡಿ ಬಂದಿದ್ದರು. ಆ ಚರ್ಚೆಗೆ ಕೆಲವೇ ದಿನಗಳ ಮುಂಚೆ, 1944ರ ಜನವರಿ ಕೊನೆಯಲ್ಲಿ, ಕಲ್ಲಿದ್ದಲು ಕಾರ್ಮಿಕರ ಕಲ್ಯಾಣ ನಿಧಿಯ ಸುಗ್ರೀವಾಜ್ಞೆಯೂ ಹೊರಟಿತ್ತು.

ಅಂಬೇಡ್ಕರರ ಮೇಲಿನ ಗೌರವದಿಂದ ಆ ನಿರ್ಧಾರ ಸರಿಯೆಂದು ನಾನು ಹೇಳಲಾರೆ. ಸಮಾನ ಕೂಲಿ ಕೊಟ್ಟ ಮಾತ್ರಕ್ಕೆ ಗಣಿಯ ಚಾವಣಿ ಭದ್ರವಾಗುವುದಿಲ್ಲ. ಮಹಿಳಾ ಸಂಘಟನೆಗಳ ಆಕ್ಷೇಪ ನ್ಯಾಯವಾಗಿತ್ತು ಎಂದೇ ನನ್ನ ಎಣಿಕೆ. ಆದರೆ ಕೇಳಿದ ಪ್ರಶ್ನೆಗೆ ಎದುರಾಗಿ ನಿಂತು, ಕಾರಣ ಹೇಳಿ, ಷರತ್ತು ಹೇಳಿ, ಆ ಮಾತಿಗೆ ಸರ್ಕಾರವನ್ನು ಕಟ್ಟಿಹಾಕಿದ ಉತ್ತರ ಅದು. ತಾತ್ಕಾಲಿಕವೆಂದ ಮಾತು ಸಭೆಯ ದಾಖಲೆಯಲ್ಲಿ ಉಳಿಯಿತು. 1946ರ ಫೆಬ್ರವರಿ 1ರಿಂದ ನಿಷೇಧ ಮತ್ತೆ ಜಾರಿಗೆ ಬಂದಿತು.

ಸ್ವತಂತ್ರ ಭಾರತದ ಸಂಸತ್ತು ಇಂತಹ ಮಾತುಗಳ ಬೆನ್ನು ಹತ್ತಲೆಂದೇ ಒಂದು ವ್ಯವಸ್ಥೆ ಮಾಡಿಕೊಂಡಿತು. 1953ರಲ್ಲಿ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ರಚನೆಯಾಯಿತು. ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದು ಮಂತ್ರಿಗಳು ನುಡಿದರೆ ಅದು ಭರವಸೆಯೆಂದು ಲೆಕ್ಕಕ್ಕೆ ಬರುತ್ತದೆ; ಅದು ಈಡೇರಿತೇ ಎಂದು ಸಮಿತಿ ವಿಚಾರಿಸುತ್ತದೆ. ‘ಮಾಹಿತಿ ಇಟ್ಟಿಲ್ಲ’ ಎಂದುಬಿಟ್ಟರೆ ವಿಚಾರಿಸಲು ಏನೂ ಉಳಿಯುವುದಿಲ್ಲ. ಸಣ್ಣ ವ್ಯತ್ಯಾಸದಂತೆ ಕಾಣುವ ಇದರ ತೂಕ 2020ರಲ್ಲಿ ತಿಳಿಯಿತು.

ಕೊರೋನಾ ಕಾಲದ ಆ ಸೆಪ್ಟೆಂಬರಿನ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ಲಿಖಿತ ಉತ್ತರಗಳು ಮಾತ್ರ ಉಳಿದವು. ಅಂದರೆ ಉಪಪ್ರಶ್ನೆ ಹೋಯಿತು. ಲಾಕ್‌ಡೌನಿನಲ್ಲಿ ಊರಿಗೆ ಮರಳುತ್ತಾ ಎಷ್ಟು ವಲಸೆ ಕಾರ್ಮಿಕರು ಪ್ರಾಣಬಿಟ್ಟರು, ಅವರ ಕುಟುಂಬಗಳಿಗೆ ಪರಿಹಾರವೇನು ಎಂದು ಲೋಕಸಭೆಯಲ್ಲಿ ಕೇಳಲಾಯಿತು. ಸೆಪ್ಟೆಂಬರ್ 14ರಂದು ಕಾರ್ಮಿಕ ಸಚಿವಾಲಯದ ಉತ್ತರ: ಅಂತಹ ಅಂಕಿಅಂಶ ಇಟ್ಟಿಲ್ಲ. ಪರಿಹಾರದ ಬಗ್ಗೆ: ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಪ್ರಶ್ನೆ ಉದ್ಭವಿಸುವುದಿಲ್ಲ. ಊರಿಗೆ ಮರಳಿದವರು ಒಂದು ಕೋಟಿಗೂ ಹೆಚ್ಚೆಂಬ ಲೆಕ್ಕ ಮಾತ್ರ ಅದೇ ಸಚಿವಾಲಯದ ಬಳಿ ಇತ್ತು. ಕೆಲವೇ ದಿನಗಳಲ್ಲಿ ರೈಲ್ವೆ ಸಚಿವರು ರಾಜ್ಯಸಭೆಗೆ, ಶ್ರಮಿಕ ವಿಶೇಷ ರೈಲುಗಳಲ್ಲಿ ಸೆಪ್ಟೆಂಬರ್ 9ರವರೆಗೆ 97 ಮಂದಿ ಮೃತಪಟ್ಟಿದ್ದಾರೆಂದು ತಿಳಿಸಿದರು. ಎಣಿಸಲು ಮನಸ್ಸಿದ್ದಲ್ಲಿ ಎಣಿಕೆ ಸಾಧ್ಯವಾಗಿತ್ತು.

ಮರುವರ್ಷದ ಪ್ರಸಂಗ ನಮ್ಮವರೇ ಎತ್ತಿದ್ದು. 2021ರ ಜುಲೈನಲ್ಲಿ ಮಲ್ಲಿಕಾರ್ಜುನ ಖರ್ಗೆ ಮತ್ತು ಎಲ್. ಹನುಮಂತಯ್ಯ ಅವರು ರಾಜ್ಯಸಭೆಯಲ್ಲಿ ಮಲಹೊರುವ ಪದ್ಧತಿಯಿಂದಾದ ಸಾವುಗಳನ್ನು ಕುರಿತು ಕೇಳಿದರು. ಅಂತಹ ಸಾವು ವರದಿಯಾಗಿಲ್ಲವೆಂದು ಉತ್ತರ ಬಂದಿತು. ಆಗಸ್ಟಿನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರ ಇನ್ನೂ ವಿಚಿತ್ರ: ಮಲಹೊರುವುದರಿಂದ ಸಾವಿಲ್ಲ, ಆದರೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚಿಕಾರ್ಯದಲ್ಲಿ 941 ಮಂದಿ ಸತ್ತಿದ್ದಾರೆ! 2013ರ ಕಾಯಿದೆ ಈ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಕೊಟ್ಟಿದೆ. ಅದರ ಅಕ್ಷರವನ್ನು ಹಿಡಿದರೆ ಉತ್ತರದಲ್ಲಿ ಸುಳ್ಳಿಲ್ಲ. ವಿಷಾನಿಲ ಕುಡಿದು ಗುಂಡಿಯಲ್ಲಿ ಉಸಿರು ನಿಂತವನ ಮನೆಯವರಿಗೆ ಈ ವ್ಯಾಖ್ಯೆಯನ್ನು ಯಾರು ವಿವರಿಸಬೇಕೋ ತಿಳಿಯದು.

ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ನಾಡು ನಮ್ಮದು. ಅದೇ ನಾಡಿನ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

941 ಎಂಬ ಸಂಖ್ಯೆಯಾದರೂ ಏಕೆ ಉಳಿಯಿತು? 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರೆಲ್ಲರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತ್ತು. ಹಣ ಕೊಡಬೇಕಾದರೆ ಹೆಸರು ಬರೆದುಕೊಳ್ಳಲೇಬೇಕು. ಲೆಕ್ಕ ಉಳಿಯಲು ಅದೇ ಮುಖ್ಯ ಕಾರಣವೆಂದು ನನ್ನ ಭಾವನೆ. 2023ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.