ದಾಭೋಳದ ಕರಾರು: ಗುಟ್ಟಿಗೆ ಎಷ್ಟು ಆಯುಷ್ಯ?

ಸರಕಾರಿ ಕಚೇರಿಗಳಲ್ಲಿ ಟೆಂಡರು ತೆರೆಯುವ ದಿನವೆಂದರೆ ಹಿಂದೆ ಒಂದು ಸಣ್ಣ ಸಮಾರಂಭವೇ ಆಗಿತ್ತು. ಅರಗಿನ ಮುದ್ರೆ ಒತ್ತಿದ ಲಕೋಟೆಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದರು. ಗೊತ್ತುಪಡಿಸಿದ ಗಳಿಗೆಯಲ್ಲಿ, ಬಂದ ಕಂತ್ರಾಟುದಾರರೆಲ್ಲರ ಎದುರಿಗೆ ಒಂದೊಂದೇ ಲಕೋಟೆ ಒಡೆದು ದರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪ್ರತಿ ಪುಟಕ್ಕೂ ಅಧಿಕಾರಿಗಳ ಸಹಿ. ಎಲ್ಲಿ ತಿದ್ದಿದೆಯೋ ಅಲ್ಲಿ ಕೆಂಪು ಶಾಯಿಯ ಸುತ್ತು. ಈಗ ಇದೆಲ್ಲ ಗಣಕಯಂತ್ರದ ಪಾಲಾಗಿದ್ದರೂ ಕಟ್ಟಳೆ ಅದೇ. ಆ ಗಳಿಗೆಯವರೆಗೆ ದರವು ಪರಮ ಗುಟ್ಟು; ಆ ಗಳಿಗೆ ಕಳೆದ ಮೇಲೆ ಎಲ್ಲರ ಕಿವಿಗೂ ಬಿದ್ದ ಮಾತು.

ಆದರೆ ಕರಾರು ಪತ್ರಕ್ಕೆ ರುಜುವಾದ ಮೇಲೆ ವಿಚಿತ್ರವೊಂದು ನಡೆಯುತ್ತದೆ. ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿದ ದರವಿರುವ ಅದೇ ಕಡತದ ಮೇಲೆ ‘ಗೋಪ್ಯ’ ಎಂಬ ಮೊಹರು ಬೀಳುತ್ತದೆ. ಯಾರಾದರೂ ಕೇಳಿದರೆ ‘ಇದು ವಾಣಿಜ್ಯ ಗೋಪ್ಯ, ಕೊಡಲಾಗದು’ ಎಂಬ ಉತ್ತರ. ಸಾರ್ವಜನಿಕರ ಹಣದಿಂದ, ಸಾರ್ವಜನಿಕರ ಹೆಸರಿನಲ್ಲಿ ಆದ ಕರಾರನ್ನು ಸಾರ್ವಜನಿಕರೇ ನೋಡಬಾರದೆಂಬ ಈ ಪದ್ಧತಿ ಎಲ್ಲಿಂದ ಬಂತು, ಅದಕ್ಕೆ ತೆತ್ತ ಬೆಲೆಯೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ದೀಪ ಹಚ್ಚಿದ ಪ್ರತಿ ಸಂಜೆಗೂ ಆ ಕರಾರಿಗೂ ಸಂಬಂಧವಿತ್ತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದಲ್ಲಿ ಸರಕಾರಿ ರಹಸ್ಯಗಳ ಕಾನೂನು ಬಂದದ್ದು 1889ರಲ್ಲಿ. ಕರ್ಜನ್ ಸಾಹೇಬರ ಕಾಲದಲ್ಲಿ, 1904ರಲ್ಲಿ, ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಇಂದಿಗೂ ಜಾರಿಯಲ್ಲಿರುವುದು 1923ರ ಕಾನೂನು. ಗೂಢಚಾರರನ್ನು ಹಿಡಿಯಲು ಹುಟ್ಟಿದ ಕಾನೂನೆಂದು ಹೆಸರು. ಆದರೆ ಅದರ 5ನೆಯ ಕಲಮಿನ ಬಲೆ ಎಷ್ಟು ಅಗಲವೆಂದರೆ ಕೋಟೆಯ ನಕ್ಷೆಯೂ ಅದರಲ್ಲಿ ಬೀಳಬಹುದು, ಕಚೇರಿಯ ಸಾಮಾನ್ಯ ಕಾಗದವೂ ಬೀಳಬಹುದು. ಪರದೇಶದವರು ಆಳುವಾಗ ಪ್ರಜೆಗಳಿಂದ ಕಾಗದ ಮುಚ್ಚಿಡುವುದರಲ್ಲಿ ಅವರಿಗೊಂದು ತರ್ಕವಾದರೂ ಇತ್ತು. 1947ರ ನಂತರವೂ ಆ ಕಾನೂನು ಹಾಗೆಯೇ ಉಳಿಯಿತು; ಕಾನೂನಿಗಿಂತ ಹೆಚ್ಚಾಗಿ ಆ ಅಭ್ಯಾಸ ಉಳಿಯಿತು. ಗುಮಾಸ್ತನಾದವನು ಕೇಳಿದವರಿಗೆ ‘ಇಲ್ಲ’ ಎಂದರೆ ಅವನ ಕೆಲಸಕ್ಕೆ ಕುತ್ತಿಲ್ಲ, ‘ತಗೊಳ್ಳಿ’ ಎಂದರೆ ಕುತ್ತು ಬಂದೀತು. ಈ ಒಂದು ಲೆಕ್ಕಾಚಾರದ ಮೇಲೆಯೇ ನಮ್ಮ ಕಚೇರಿಗಳು ಅನೇಕ ವರ್ಷ ನಡೆದವು.

1975ರಲ್ಲಿ ಉತ್ತರ ಪ್ರದೇಶ ಸರಕಾರ ಮತ್ತು ರಾಜನಾರಾಯಣರ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕ ರೀತಿಯಲ್ಲಿ ಮಾಡಿದ್ದನ್ನೆಲ್ಲ ತಿಳಿಯುವ ಹಕ್ಕು ಜನರಿಗೆ ಉಂಟೆಂದು ಬರೆದರು. ಅಲ್ಲಿ ವಿವಾದವಿದ್ದುದು ಪ್ರಧಾನಿಯವರ ಪ್ರವಾಸದ ಭದ್ರತೆಗೆ ಸಂಬಂಧಿಸಿದ ನೀಲಿ ಪುಸ್ತಕದ ಬಗ್ಗೆ, ಕಂತ್ರಾಟಿನ ಬಗ್ಗೆ ಅಲ್ಲ. ಆದರೂ ಬೀಜ ಬಿದ್ದದ್ದು ಅಲ್ಲಿಯೇ. ಮೊಳೆಯಲು ಮೂವತ್ತು ವರ್ಷ ಹಿಡಿಯಿತು.

ಈ ಮೂವತ್ತು ವರ್ಷಗಳ ನಡುವೆಯೇ ದಾಭೋಳದ ಪ್ರಕರಣ ನಡೆಯಿತು.

1991ರಲ್ಲಿ ದೇಶದ ಬೊಕ್ಕಸ ಬರಿದಾಗಿ, ಆರ್ಥಿಕ ನೀತಿ ಬದಲಾಯಿತಷ್ಟೆ. ವಿದ್ಯುತ್ ಉತ್ಪಾದನೆಗೆ ಖಾಸಗಿ ಮತ್ತು ವಿದೇಶಿ ಕಂಪನಿಗಳನ್ನು ಕರೆಯಲಾಯಿತು. ಹೂಡಿದ ಬಂಡವಾಳಕ್ಕೆ ಶೇಕಡಾ 16ರ ಆದಾಯದ ಭರವಸೆ ಕೊಡಲಾಯಿತು. 1992ರ ಜೂನ್ ತಿಂಗಳಲ್ಲಿ ಅಮೆರಿಕದ ಎನ್ರಾನ್ ಕಂಪನಿಯವರು ಮುಂಬಯಿಗೆ ಬಂದರು. ಬಂದ ಕೆಲವೇ ದಿನಗಳಲ್ಲಿ, ಜೂನ್ 20ರಂದು, ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯೊಡನೆ ತಿಳಿವಳಿಕೆಯ ಒಡಂಬಡಿಕೆಗೆ ರುಜು ಬಿತ್ತು. ಟೆಂಡರು ಕರೆದಿರಲಿಲ್ಲ. ಒಂದು ಕಚೇರಿಗೆ ಹತ್ತು ಕಬ್ಬಿಣದ ಬೀರು ಕೊಳ್ಳುವುದಿದ್ದರೂ ಮೂರು ಕಡೆಯ ದರಪಟ್ಟಿ ತರಿಸಿ ತುಲನಾತ್ಮಕ ತಖ್ತೆ ಬರೆಯುವ ನಮ್ಮಂಥವರಿಗೆ ಇದನ್ನು ಈಗ ಓದಿದರೂ ಅಚ್ಚರಿಯೇ. ಸುಮಾರು 280 ಕೋಟಿ ಡಾಲರಿನ ಯೋಜನೆ, 2015 ಮೆಗಾವಾಟ್, ಇಪ್ಪತ್ತು ವರ್ಷದ ಕರಾರು!

(ಹೆಸರು ದಾಭೋಳವಾದರೂ ಸ್ಥಾವರ ಇರುವುದು ದಾಭೋಳದಲ್ಲಲ್ಲ. ದಾಭೋಳ ಬಂದರು ವಾಶಿಷ್ಠಿ ನದಿಯ ಬಡಗಣ ದಂಡೆಯಲ್ಲಿ. ಸ್ಥಾವರ ತೆಂಕಣ ದಂಡೆಯ ಗುಹಾಗರ ತಾಲೂಕಿನಲ್ಲಿ, ಅಂಜನವೇಲ, ವೇಲದೂರ ಎಂಬ ಹಳ್ಳಿಗಳ ಬಳಿ. ಆ ಹಳ್ಳಿಗರ ಹೋರಾಟವೇ ಒಂದು ಬೇರೆ ಕತೆ, ಇಲ್ಲಿ ಅದಕ್ಕೆ ಸ್ಥಳವಿಲ್ಲ.)

1993ರ ಏಪ್ರಿಲಿನಲ್ಲಿ ವಿಶ್ವಬ್ಯಾಂಕು ಈ ಯೋಜನೆಗೆ ಸಾಲ ಕೊಡಲು ಒಪ್ಪಲಿಲ್ಲ. ದ್ರವೀಕೃತ ಅನಿಲದಿಂದ ಹಗಲಿರುಳು ನಡೆಸುವ ಸ್ಥಾವರವು ಕಲ್ಲಿದ್ದಲಿನದಕ್ಕಿಂತ ದುಬಾರಿ, ಆರ್ಥಿಕವಾಗಿ ಯೋಗ್ಯವಲ್ಲ ಎಂಬುದು ಅದರ ಅಭಿಪ್ರಾಯ. ಆದರೂ ಅದೇ ವರ್ಷದ ಡಿಸೆಂಬರ್ 8ರಂದು ವಿದ್ಯುತ್ ಖರೀದಿ ಕರಾರಿಗೆ ರುಜುವಾಯಿತು. ಮುಂದೆ ರಾಜ್ಯ ಸರಕಾರ ಖಾತರಿ ಕೊಟ್ಟಿತು, 1994ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆ ಖಾತರಿಗೂ ಮರುಖಾತರಿ ಕೊಟ್ಟಿತು. ವಿದ್ಯುತ್ ಮಂಡಳಿ ಹಣ ಕೊಡದಿದ್ದರೆ ರಾಜ್ಯ, ರಾಜ್ಯ ಕೊಡದಿದ್ದರೆ ದೇಶ. ಅಂದರೆ ಮಂಗಳೂರಿನಲ್ಲಿಯೋ ಮದರಾಸಿನಲ್ಲಿಯೋ ಇದ್ದು ತೆರಿಗೆ ಕಟ್ಟುವವನೂ ಈ ಕರಾರಿಗೆ ಜಾಮೀನು ನಿಂತಂತಾಯಿತು. ಜಾಮೀನು ನಿಂತವನಿಗೆ ಪತ್ರ ಓದುವ ಹಕ್ಕು ಇರಲಿಲ್ಲ. ಕರಾರು ಗೋಪ್ಯ.

1948ರ ವಿದ್ಯುತ್ ಸರಬರಾಜು ಕಾನೂನಿನಂತೆ ದೊಡ್ಡ ಯೋಜನೆಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕಿತ್ತು. ಅಲ್ಲಿ ಪ್ರಕಟವಾಗಬೇಕಾದದ್ದು ಯೋಜನೆಯೇ ಹೊರತು ಕರಾರಲ್ಲ. ಮನೆ ಕಟ್ಟುತ್ತೇವೆಂದು ಊರಿಗೆಲ್ಲ ಡಂಗುರ ಸಾರಿ ಸಾಲದ ಪತ್ರವನ್ನು ಮಾತ್ರ ಪೆಟ್ಟಿಗೆಯ ತಳದಲ್ಲಿ ಇಟ್ಟ ಹಾಗೆ.

ಕಂಪನಿಗಳ ಪರವಾದ ವಾದವನ್ನೂ ಹೇಳಿಬಿಡಬೇಕು. ‘ನಮ್ಮ ಇಂಧನದ ದರ, ಬ್ಯಾಂಕುಗಳೊಡನೆ ಮಾಡಿಕೊಂಡ ಏರ್ಪಾಡು, ಯಂತ್ರದವರಿಂದ ಪಡೆದ ರಿಯಾಯಿತಿ ಇವೆಲ್ಲ ಹೊರಬಿದ್ದರೆ ನಾಳೆ ಇನ್ನೊಂದು ರಾಜ್ಯದಲ್ಲಿ ವ್ಯವಹರಿಸುವಾಗ ಪ್ರತಿಸ್ಪರ್ಧಿಯ ಕೈ ಮೇಲಾಗುತ್ತದೆ’ ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ವ್ಯಾಪಾರಿಯ ಕಸುಬಿನ ಗುಟ್ಟು ಅವನ ಸೊತ್ತು. ಪೈಪೋಟಿಯಲ್ಲಿ ಲಕೋಟೆಗೆ ಅರಗು ಹಾಕುವುದೂ ಅದಕ್ಕಾಗಿಯೇ. ಆದರೆ ದಾಭೋಳದಲ್ಲಿ ಪೈಪೋಟಿಯೇ ನಡೆದಿರಲಿಲ್ಲವಲ್ಲ! ಪ್ರತಿಸ್ಪರ್ಧಿಯನ್ನು ಕರೆಯದೆ ಮಾಡಿದ ಕರಾರನ್ನು ಪ್ರತಿಸ್ಪರ್ಧಿಯ ಹೆಸರು ಹೇಳಿ ಮುಚ್ಚಿಡುವುದು ನಮಗಂತೂ ಒಪ್ಪಿಗೆಯಾಗುವ ಮಾತಲ್ಲ.

ಆ ಕರಾರಿನೊಳಗೆ ಇದ್ದುದೇನು? ಕ್ರಮೇಣ ಪತ್ರ ಹೊರಗಿನವರ ಕೈ ಸೇರಿತು. ಪುಣೆಯ ‘ಪ್ರಯಾಸ್’ ಸಂಸ್ಥೆಯ ಗಿರೀಶ ಸಂತ, ಶಂತನು ದೀಕ್ಷಿತ, ಸುಬೋಧ ವಾಗಳೆ ಎಂಬ ಮೂವರು ಅದನ್ನು ಕೂಲಂಕಷವಾಗಿ ಲೆಕ್ಕ ಹಾಕಿ 1995ರ ಜೂನ್ ತಿಂಗಳಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದರು. ಆ ಲೆಕ್ಕದ ತಿರುಳು ಗೃಹಿಣಿಯರಿಗೂ ತಿಳಿಯುವಂಥದು. ತಿಂಗಳ ಊಟದ ಖಾನಾವಳಿಯನ್ನು ನೆನೆಯಿರಿ. ಊಟ ಮಾಡಿದರೂ ಬಿಟ್ಟರೂ ತಿಂಗಳ ಹಣ ಕೊಡಲೇಬೇಕು. ಹಾಗೆಯೇ ಮಂಡಳಿಯು ಕರೆಂಟು ತೆಗೆದುಕೊಂಡರೂ ಬಿಟ್ಟರೂ ಸ್ಥಾವರ ಸಿದ್ಧವಾಗಿ ನಿಂತದ್ದಕ್ಕೆ ಸ್ಥಿರ ಶುಲ್ಕ ಕೊಡಬೇಕು. ತೆಗೆದುಕೊಂಡದ್ದಕ್ಕೆ ಇಂಧನದ ಬೆಲೆ ಬೇರೆ. ಅಷ್ಟೇ ಆಗಿದ್ದರೆ ಸರಿ, ಇಂಥ ಏರ್ಪಾಡು ಎಲ್ಲೆಡೆ ಉಂಟು. ಇಲ್ಲಿ ಹಣದ ಬಹುಭಾಗ ಡಾಲರಿಗೆ ತಳುಕು ಹಾಕಿಕೊಂಡಿತ್ತು. ಕರಾರಿಗೆ ರುಜುವಾದಾಗ ಡಾಲರಿಗೆ ಸುಮಾರು 31 ರೂಪಾಯಿ. 2001ರ ಹೊತ್ತಿಗೆ 46 ದಾಟಿತು. ರೂಪಾಯಿ ಇಳಿದ ನಷ್ಟವೂ ಇಂಧನ ಏರಿದ ನಷ್ಟವೂ ಮಂಡಳಿಗೆ. ತಕರಾರು ಬಂದರೆ ಪಂಚಾಯ್ತಿ ಲಂಡನ್ನಿನಲ್ಲಿ.

1995ರಲ್ಲಿ ಕಂಪನಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ, ಯೋಜನೆ ರೂಪಿಸುವುದಕ್ಕೂ ಭಾರತೀಯರಿಗೆ ‘ಶಿಕ್ಷಣ’ ನೀಡುವುದಕ್ಕೂ ಎರಡು ಕೋಟಿ ಡಾಲರು ವೆಚ್ಚ ಮಾಡಿದೆವೆಂದು ಹೇಳಿಕೆ ಕೊಟ್ಟರು. ಅದು ಅಲ್ಲಿನ ದಾಖಲೆಯಲ್ಲಿ ಬಹಿರಂಗವಾಗಿ ಉಂಟು. ನಮ್ಮ ಕರಾರು ನಮ್ಮಲ್ಲಿ ಗುಟ್ಟು, ಅದರ ಖರ್ಚಿನ ಮಾತು ಅಲ್ಲಿ ಬಯಲು!

ಆ ವರ್ಷ ಮಹಾರಾಷ್ಟ್ರದಲ್ಲಿ ಸರಕಾರ ಬದಲಾಯಿತು. ಗೋಪಿನಾಥ ಮುಂಡೆ ಅವರ ಸಮಿತಿ ಪರಿಶೀಲಿಸಿತು, ಆಗಸ್ಟಿನಲ್ಲಿ ಯೋಜನೆ ರದ್ದೆಂದು ಸಾರಲಾಯಿತು, ಸರಕಾರವೇ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಮೂರೇ ತಿಂಗಳಲ್ಲಿ ಮತ್ತೆ ಮಾತುಕತೆ. 1996ರ ಜನವರಿಯಲ್ಲಿ ಯೋಜನೆ ಪುನಃ ಜೀವ ತಳೆಯಿತು, 2184 ಮೆಗಾವಾಟ್ ಆಗಿ ಇನ್ನೂ ದೊಡ್ಡದಾಗಿ. ಸೀಟೂ ಸಂಘಟನೆಯೂ ಅಭಯ ಮೆಹತಾ ಅವರೂ ಹೂಡಿದ ಮೊಕದ್ದಮೆಯನ್ನು ಅದೇ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ವಜಾ ಮಾಡಿತು.

1999ರ ಮೇ ತಿಂಗಳಲ್ಲಿ 740 ಮೆಗಾವಾಟ್‌ನ ಮೊದಲ ಹಂತ ಆರಂಭವಾಯಿತು. ಲೆಕ್ಕದವರು ಹೇಳಿದ್ದೇ ಆಯಿತು. ದುಬಾರಿಯೆಂದು ಮಂಡಳಿ ಕಡಮೆ ಕರೆಂಟು ಕೊಂಡಿತು. ಕಡಮೆ ಕೊಂಡಷ್ಟೂ ಸ್ಥಿರ ಶುಲ್ಕ ಕಡಮೆ ಯೂನಿಟ್ಟುಗಳ ಮೇಲೆ ಬಿದ್ದು ಪ್ರತಿ ಯೂನಿಟ್ಟಿನ ಬೆಲೆ ಏರಿತು. 2000ದಲ್ಲಿ ಅದು ಏಳು ರೂಪಾಯಿಯನ್ನೂ ಮೀರಿದ ತಿಂಗಳಿತ್ತು. ಮುಂಬಯಿ ನಗರದವರಿಗೆ ಬೆಸ್ಟ್, ಟಾಟಾ ಇದ್ದವು. ಠಾಣೆಯಿಂದಾಚೆ ಡೊಂಬಿವಲಿ, ಕಲ್ಯಾಣಗಳಲ್ಲಿ ಬಿಡಾರ ಹೂಡಿದ ನಮ್ಮವರಿಗೆ ಮಂಡಳಿಯೇ ಗತಿ. 2001ರ ಜನವರಿಯಲ್ಲಿ ಮಂಡಳಿ ಬಿಲ್ಲು ಪಾವತಿಸಲಾರದೆ ಕೈಚೆಲ್ಲಿತು, ಮೇ ತಿಂಗಳಲ್ಲಿ ಸ್ಥಾವರ ನಿಂತಿತು, ಡಿಸೆಂಬರ್ 2ರಂದು ಅಮೆರಿಕದಲ್ಲಿ ಎನ್ರಾನ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಮಾಜಿ ಗೃಹ ಕಾರ್ಯದರ್ಶಿ ಮಾಧವ ಗೋಡಬೋಲೆ ಅವರ ಸಮಿತಿಯು ಅದೇ ವರ್ಷದ ವರದಿಯಲ್ಲಿ ಇದನ್ನು ರಾಜ್ಯ, ಕೇಂದ್ರ ಎರಡೂ ಕಡೆಯ ಆಡಳಿತದ ವೈಫಲ್ಯವೆಂದಿತು. 2005ರಲ್ಲಿ ಸ್ಥಾವರವನ್ನು ವಹಿಸಿಕೊಳ್ಳಲು ರತ್ನಾಗಿರಿ ಗ್ಯಾಸ್ ಅಂಡ್ ಪವರ್ ಎಂಬ ಕಂಪನಿಯನ್ನು ಎನ್‌ಟಿಪಿಸಿ, ಗೇಲ್‌ಗಳ ಪಾಲುದಾರಿಕೆಯಲ್ಲಿ ಕಟ್ಟಬೇಕಾಯಿತು.

ಮರುಖಾತರಿಯ ಆಶ್ವಾಸನೆ ಪಡೆದ ಎಂಟು ಯೋಜನೆಗಳಲ್ಲಿ ನಮ್ಮ ಕರಾವಳಿಯ ನಂದಿಕೂರಿನ ಕೊಜೆಂಟ್ರಿಕ್ಸ್ ಕೂಡ ಒಂದು. 1000 ಮೆಗಾವಾಟ್‌ನ ಆ ಕಲ್ಲಿದ್ದಲು ಸ್ಥಾವರ ಹೋರಾಟ, ಮೊಕದ್ದಮೆಗಳಲ್ಲೇ ತಡೆದು ನಿಂತು, 1999ರ ಡಿಸೆಂಬರಿನಲ್ಲಿ ಕಂಪನಿ ಹಿಂದೆ ಸರಿಯಿತು. ಉಡುಪಿ ಕಡೆಯ ವಾಚಕರಿಗೆ ಇದನ್ನು ನೆನಪಿಸಬೇಕಿಲ್ಲ. ಅದೇ ಪ್ರದೇಶದಲ್ಲಿ ಮುಂದೆ ಬೇರೆ ಸ್ಥಾವರ ಬಂದದ್ದೂ ಅವರಿಗೆ ಗೊತ್ತು.

ವಿಚಿತ್ರವೆಂದರೆ, ಕೋಟ್ಯಂತರ ಡಾಲರಿನ ಈ ಕರಾರಿಗೆ ಹಾಕಿದ ಬೀಗವನ್ನು ತೆಗೆಯುವ ಕೀಲಿ ಸಿದ್ಧವಾದದ್ದು ದಿನಗೂಲಿಯ ಹಾಜರಿ ಪಟ್ಟಿಯಿಂದ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ 1994ರ ಡಿಸೆಂಬರಿನಲ್ಲಿ ಮಜದೂರ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯ್ತಿ ಕೆಲಸಗಳ ಬಿಲ್ಲು, ವೋಚರು, ಹಾಜರಿ ಪಟ್ಟಿಗಳನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಿದರು. ಟೆಂಡರು ತೆರೆಯುವ ದಿನದ ಹಾಗೆಯೇ! ಕೆಲಸ ಮಾಡದವರ ಹೆಸರು, ಬಾರದ ಸಾಮಾನಿನ ಬಿಲ್ಲು ಒಂದೊಂದೇ ಹೊರಬಿದ್ದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ನಡೆಯಿತು. ತಮಿಳುನಾಡು, ಗೋವೆಗಳಲ್ಲಿ 1997ರಲ್ಲಿ ಕಾನೂನು ಬಂತು. ನಮ್ಮ ಕರ್ನಾಟಕವೂ ಹಿಂದೆ ಬೀಳಲಿಲ್ಲ: ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾನೂನು 1999ರದು, ಮಾಹಿತಿ ಹಕ್ಕಿನ ಕಾನೂನು 2000ದ್ದು. ಕೇಂದ್ರದ ಮಾಹಿತಿ ಹಕ್ಕು ಕಾನೂನು 2005ರ ಅಕ್ಟೋಬರ್ 12ರಿಂದ ಪೂರ್ಣ ಜಾರಿಗೆ ಬಂತು. 1923ರ ಕಾನೂನು ಇದಕ್ಕೆ ಅಡ್ಡ ಬಂದರೆ ಇದೇ ಮೇಲು ಎಂದು ಅದರಲ್ಲೇ ಬರೆದಿದೆ.

ಹಾಗೆಂದು ವಾಣಿಜ್ಯ ಗೋಪ್ಯ ಅಳಿಯಲಿಲ್ಲ. 8(1)(ಡಿ) ಕಲಮಿನಲ್ಲಿ ಅದು ಭದ್ರವಾಗಿ ಕೂತಿದೆ. ಹೊರಗೆಡವಿದರೆ ಮೂರನೆಯವನ ಪೈಪೋಟಿಯ ಸ್ಥಾನಕ್ಕೆ ಧಕ್ಕೆಯಾಗುವಂಥ ವ್ಯಾಪಾರದ ಗುಟ್ಟನ್ನು ಕೊಡಬೇಕಾಗಿಲ್ಲ. ಆದರೆ ವಿಶಾಲ ಸಾರ್ವಜನಿಕ ಹಿತವಿದ್ದರೆ ಕೊಡಬೇಕು. ಕಂಪನಿಯು ಗೋಪ್ಯವೆಂದು ಭಾವಿಸಿದ ಕಾಗದವಾದರೆ ಐದು ದಿನದೊಳಗೆ ಅದಕ್ಕೆ ನೋಟೀಸು, ಉತ್ತರಕ್ಕೆ ಹತ್ತು ದಿನ. ಅನೇಕ ಕಚೇರಿಗಳಲ್ಲಿ ಕಂಪನಿ ‘ಬೇಡ’ ಎಂದೊಡನೆ ಅರ್ಜಿ ತಿರಸ್ಕರಿಸುವ ರೂಢಿಯಿದೆ. ಕಾನೂನು ಹೇಳುವುದು ಹಾಗಲ್ಲ: ಕಂಪನಿಯ ಮಾತನ್ನು ಕೇಳಬೇಕು, ತೀರ್ಮಾನ ಅಧಿಕಾರಿಯದು. ಟೆಂಡರಿನ ತೀರ್ಮಾನವಾದ ಮೇಲೆ ಆ ಕಾಗದಗಳಲ್ಲಿ ಗುಟ್ಟೇನೂ ಉಳಿಯದೆಂಬ ಅರ್ಥದ ತೀರ್ಪನ್ನು ಜಾರ್ಖಂಡ್ ಉಚ್ಚ ನ್ಯಾಯಾಲಯ ನೀಡಿದೆ. ಅದು 2008ರ ವರದಿಗಳಲ್ಲಿ ಅಚ್ಚಾಗಿದೆ. ನಮ್ಮ ಅಭಿಪ್ರಾಯವೂ ಅದೇ. ಲಕೋಟೆ ಒಡೆಯುವ ತನಕ ಗುಟ್ಟಿಗೆ ಆಯುಷ್ಯ; ಆಮೇಲೂ ಉಳಿಯಬಹುದಾದದ್ದು ಔಷಧದ ಸೂತ್ರ, ಯಂತ್ರದ ವಿನ್ಯಾಸ ಮುಂತಾದ ಕೆಲವೇ ಪುಟಗಳು.

ಆ ಕೆಲವು ಪುಟಗಳಿಗಾಗಿ ಇಡೀ ಕಡತವನ್ನು ತಡೆಹಿಡಿಯುವಂತಿಲ್ಲ. ಕಾನೂನಿನ 10ನೆಯ ಕಲಮಿನಂತೆ ಗುಟ್ಟಿನ ಸಾಲುಗಳನ್ನು ಮಸಿ ಹಾಕಿ ಮುಚ್ಚಿ ಉಳಿದದ್ದನ್ನು ಕೊಡಬೇಕು. ಕೇಂದ್ರ ಕಚೇರಿಗಳಲ್ಲಿ ಅರ್ಜಿಗೆ ಹತ್ತು ರೂಪಾಯಿ, ಪ್ರತಿ ಪುಟಕ್ಕೆ ಎರಡು ರೂಪಾಯಿ. ಕಡತವನ್ನು ಕಚೇರಿಯಲ್ಲೇ ಕುಳಿತು ನೋಡುವುದಾದರೆ ಮೊದಲ ಗಂಟೆ ಪುಕ್ಕಟೆ, ಅನಂತರ ಗಂಟೆಗೆ ಐದು ರೂಪಾಯಿ. ನಿಮ್ಮ ಕಾಲೊನಿಯ ಎದುರಿನ ರಸ್ತೆಯದೋ ಮೇಲ್ಸೇತುವೆಯದೋ ಕಂತ್ರಾಟು ಕೇಳುವುದಾದರೆ ಕರಾರು ಪತ್ರವೊಂದನ್ನೇ ಕೇಳಿ ಸುಮ್ಮನಾಗಬೇಡಿ. ತುಲನಾತ್ಮಕ ತಖ್ತೆ, ಅಳತೆ ಪುಸ್ತಕ, ಅವಧಿ ವಿಸ್ತರಣೆಯ ಆದೇಶಗಳು ಎಂದು ಬಿಡಿಬಿಡಿಯಾಗಿ ಬರೆಯಿರಿ. ಹಣ ಹೆಚ್ಚಿದ್ದು ಎಲ್ಲಿ ಎಂಬುದು ಸಾಮಾನ್ಯವಾಗಿ ಸಿಕ್ಕುವುದು ಕೊನೆಯ ಎರಡರಲ್ಲಿ.