ನಲವತ್ತು ಎಕರೆಗೆ ಇಳಿದಿದ್ದ ದ್ರಾಕ್ಷಿ

ಬಿಳಿ ವೈನ್ ಅಂದ್ರೆ ಎಲ್ಲರೂ ಬರ್ಗಂಡಿ, ಶಾರ್ಡನೆ ಅಂತಾರೆ. ನನ್ನ ಮನಸ್ಸು ಹೋಗೋದು ಅಲ್ಲಿಂದ ದಕ್ಷಿಣಕ್ಕೆ, ಫ್ರಾನ್ಸಿನದೇ ರೋನ್ ನದಿ ದಂಡೆಯ ಕೊಂದ್ರಿಯು ಅನ್ನೋ ಊರಿಗೆ. ಅಲ್ಲಿಯ ದ್ರಾಕ್ಷಿ ವಿಯೊನಿಯೆ. ಲೋಟ ಮೂಗಿನ ಹತ್ತಿರ ತಂದರೆ ಏಪ್ರಿಕಾಟ್ ಘಮ.

ಈ ತಳಿ ಹೆಚ್ಚುಕಡಿಮೆ ಕಳೆದೇ ಹೋಗಿತ್ತು. 19ನೇ ಶತಮಾನದಲ್ಲಿ ಬೇರಿನ ರಸ ಹೀರುವ ಫಿಲಾಕ್ಸೆರಾ ಕೀಟ ಬಂತು, ಆಮೇಲೆ ಮೊದಲ ಮಹಾಯುದ್ಧ ಗಂಡಸರನ್ನು ಕರೆದೊಯ್ದಿತು. ತೋಟ ಇರೋದು ಕಡಿದಾದ ಗುಡ್ಡದಲ್ಲಿ, ಕಲ್ಲುಗೋಡೆ ಕಟ್ಟಿದ ಮೆಟ್ಟಿಲುಗಳ ಮೇಲೆ. ಟ್ರ್ಯಾಕ್ಟರ್ ಹತ್ತಲ್ಲ, ಮಳೆಗೆ ಕೊಚ್ಚಿಹೋದ ಮಣ್ಣನ್ನ ಮನುಷ್ಯರೇ ಹೊತ್ತು ಮೇಲೆ ಹಾಕಬೇಕು. ಇಷ್ಟು ಮಾಡಿದರೂ ಫಸಲು ಕಮ್ಮಿ. ಜನ ಹಣ್ಣಿನ ತೋಟ, ಕಾರ್ಖಾನೆ ಕೆಲಸ ಅಂತ ಹೊರಟರು. ಅವರದು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. 1940ರಲ್ಲೇ ಊರಿನ ಹೆಸರಿಗೆ ಸರ್ಕಾರಿ ಮಾನ್ಯತೆ ಸಿಕ್ಕಿತ್ತು, ಆದರೂ 1960ರ ದಶಕದಲ್ಲಿ ಅಲ್ಲಿ ಉಳಿದದ್ದು 40 ಎಕರೆಗೂ ಕಡಿಮೆ.

1953ರಲ್ಲಿ ತಂದೆಯ ತೋಟ ವಹಿಸಿಕೊಂಡ ಜಾರ್ಜ್ ವರ್ನೆ ಗುಡ್ಡ ಬಿಡಲಿಲ್ಲ. ಪಾಳುಬಿದ್ದ ಮೆಟ್ಟಿಲುಗಳಲ್ಲಿ ಮತ್ತೆ ಬಳ್ಳಿ ನೆಟ್ಟರು, ನೆರೆಯವರನ್ನೂ ಹುರಿದುಂಬಿಸಿದರು. ಮುಂದೆ ಅದೇ ತಳಿ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಕ್ಕೂ ಹೋಯ್ತು. ಈಗ ನಮ್ಮ ನಂದಿ ಬೆಟ್ಟದ ತಪ್ಪಲಲ್ಲೂ ವಿಯೊನಿಯೆ ಬೆಳೀತಾರೆ.