ಅಕ್ಕಿಯ ಅಭಾವದಲ್ಲಿ ಹುಟ್ಟಿದ ಇಡ್ಲಿ

ವಿಜಯವಾಡದ ಅಂಗಡಿಯಲ್ಲಿ ‘ಇಡ್ಲಿ ರವ್ವ’ ಎಂದು ಕೇಳಿದರೆ ಅಕ್ಕಿಯ ತರಿ ಕೊಡುತ್ತಾರೆ. ನಮ್ಮ ಉಪ್ಪಿಟ್ಟಿನ ರವೆ ಬೇಕಾದರೆ ‘ಬೊಂಬಾಯಿ ರವ್ವ’ ಎನ್ನಬೇಕು. ಊರಿನಿಂದ ಹೊಸದಾಗಿ ಬಂದ ನಮ್ಮ ಗೃಹಿಣಿಯರಲ್ಲಿ ಈ ಗೊಂದಲಕ್ಕೆ ಸಿಕ್ಕದವರು ವಿರಳ. ಇಲ್ಲಿಯವರಿಗೆ ರವೆಯ ಇಡ್ಲಿ ದಿನನಿತ್ಯದ್ದು. ನಾವು ‘ರವೆ ಇಡ್ಲಿ’ ಎನ್ನುವುದು ಬೇರೆಯೇ. ಅದರ ಚರಿತ್ರೆಯನ್ನು ಅರಸುತ್ತ ಹೋದರೆ, ವಿಶಾಖಪಟ್ಟಣದ ಮುಂದೆ ಹರಡಿರುವ ಸಮುದ್ರದವರೆಗೂ ಬರಬೇಕಾಗುತ್ತದೆ.

ಈ ಸಮುದ್ರದ ಆಚೆಯ ದಡವೇ ಬರ್ಮಾ. ಎರಡನೆಯ ಮಹಾಯುದ್ಧಕ್ಕೆ ಮೊದಲು ಅಲ್ಲಿಂದ ದಕ್ಷಿಣ ಭಾರತಕ್ಕೆ ಹೇರಳವಾಗಿ ಅಕ್ಕಿ ಬರುತ್ತಿತ್ತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದಿತು. ಹಡಗಿನ ದಾರಿ ಮುಚ್ಚಿತು, ಬರ್ಮಾದ ಅಕ್ಕಿ ನಿಂತಿತು. ಅದರ ಬಿಸಿ ದೂರದ ಬೆಂಗಳೂರಿನ ಹೋಟೆಲುಗಳ ಒಲೆಗೂ ತಟ್ಟಿತು.

ಉಡುಪಿ ಜಿಲ್ಲೆಯ ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಒಂದು ಚಿಕ್ಕ ಹೋಟೆಲು ತೆರೆದಿದ್ದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ನಮ್ಮ ಹಾಗೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಅವರು. ಯುದ್ಧಕಾಲದಲ್ಲಿ ಅಕ್ಕಿ ಸಾಲದೆ ಹೋದಾಗ ಗೋಧಿ ರವೆಯಿಂದ ಇಡ್ಲಿ ಮಾಡಿ ನೋಡಿದೆವು ಎಂದು ಆ ಸಂಸ್ಥೆಯವರು ಹೇಳುತ್ತ ಬಂದಿದ್ದಾರೆ.

ಈ ಪ್ರಯೋಗಕ್ಕೆ ಹೊಸ ಯಂತ್ರ ಬೇಕಿರಲಿಲ್ಲ. ಅದೇ ತಟ್ಟೆ, ಅದೇ ಹಬೆ. ರವೆ ಮುದ್ದೆಯಾಗದಂತೆ ತುಪ್ಪದಲ್ಲಿ ಹುರಿಯುವುದು, ರಾತ್ರಿಯಿಡೀ ಹುದುಗಿಸುವ ಬದಲು ಮೊಸರಿನ ಹುಳಿ ಮತ್ತು ಸೋಡಾದಿಂದ ಹಿಟ್ಟು ಉಬ್ಬಿಸುವುದು, ಸಾಸಿವೆ, ಗೋಡಂಬಿಗಳ ಒಗ್ಗರಣೆ ಹಾಕುವುದು, ಇಷ್ಟೇ. ಕೆಟ್ಟರೆ ಒಂದು ಒಬ್ಬೆಯ ನಷ್ಟ. ಚೆನ್ನಾಗಿದ್ದರೆ ತಟ್ಟೆ ಬರಿದಾಗುವುದೇ ಸಾಕ್ಷಿ. ಹೋಟೆಲಿನಲ್ಲಿ ಗಿರಾಕಿಯ ತೀರ್ಪು ಅದೇ ಬೆಳಿಗ್ಗೆ ಸಿಗುತ್ತದೆ. ಯುದ್ಧ ಮುಗಿದು ಅಕ್ಕಿ ಬಂದ ಮೇಲೂ ಈ ಇಡ್ಲಿ ಉಳಿಯಿತು.

ಮತ್ತೊಂದು ಪರೀಕ್ಷೆ 1975ರ ತುರ್ತುಪರಿಸ್ಥಿತಿಯಲ್ಲಿ ಬಂತು. ತಿಂಡಿಯನ್ನು ಬಹಳ ಕಡಿಮೆ ದರದಲ್ಲಿ ಮಾರಬೇಕೆಂಬ ಸರ್ಕಾರದ ಕಟ್ಟಳೆಯಿಂದ, ರುಚಿ ಮತ್ತು ಶುಚಿ ಬಿಡದೆ ಹೋಟೆಲು ನಡೆಸುವುದು ಅಸಾಧ್ಯವಾಯಿತು. ಬಾಗಿಲು ಹಾಕಬೇಕಾಯಿತು. ದುಡಿಯುವವರ ಅನ್ನದ ಪ್ರಶ್ನೆ ಎದುರು ನಿಂತಿತು. ಆಗ ಅವರು ಮಸಾಲೆ ಪುಡಿ, ತಿಂಡಿಯ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರುವ ಕಡೆಗೆ ತಿರುಗಿದರು. ಹುದುಗಬೇಕಾದ ಹಿಟ್ಟನ್ನು ಪೊಟ್ಟಣದಲ್ಲಿ ಬಹುಕಾಲ ಕಟ್ಟಿಡಲಾಗದು; ಹುರಿದ ರವೆಯನ್ನು ಕಟ್ಟಿಡಬಹುದು, ಮೊಸರನ್ನು ಕೊಂಡವರು ಬೆರೆಸಿಕೊಳ್ಳುತ್ತಾರೆ. ಒಂದು ಅಭಾವ ಕಲಿಸಿದ ಪಾಠ ಇನ್ನೊಂದು ಸಂಕಟಕ್ಕೆ ಒದಗಿತು. ಹೋಟೆಲು ಮುಂದೆ ಮತ್ತೆ ತೆರೆಯಿತು. ಪೊಟ್ಟಣದ ಉದ್ಯಮ ಎಷ್ಟು ಬೆಳೆಯಿತೆಂದರೆ 2007ರಲ್ಲಿ ಅದನ್ನು ನಾರ್ವೆಯ ಓರ್ಕ್ಲಾ ಕಂಪೆನಿ ಕೊಂಡಿತು. ಹೋಟೆಲುಗಳು ಮಯ್ಯರ ಮನೆತನದಲ್ಲೇ ಉಳಿದವು.

ಯುದ್ಧಾನಂತರದ ಜಪಾನಿನಲ್ಲಿ ಟೊಯೋಟಾ ಕಾರಖಾನೆಯ ತೈಚಿ ಓನೊ ಅವರೂ ಬಡತನದಿಂದಲೇ ಮಿತವ್ಯಯದ ಉತ್ಪಾದನಾಕ್ರಮ ಕಟ್ಟಿದರು. ವಾಣಿಜ್ಯ ಪಂಡಿತರು ಇದಕ್ಕೆ ‘ಲೀನ್’ ಎಂದು ಹೆಸರಿಟ್ಟದ್ದು 1988ರಲ್ಲಿ. 2011ರಲ್ಲಿ ಅಮೆರಿಕದ ಎರಿಕ್ ರೀಸ್, ಹೊಸ ಉದ್ಯಮದವರು ಸಣ್ಣದಾಗಿ ಮಾಡಿ, ಗಿರಾಕಿಯ ಮುಂದಿಟ್ಟು, ತಿದ್ದಿಕೊಂಡು ಮುಂದುವರಿಯಬೇಕೆಂದು ಗ್ರಂಥವನ್ನೇ ಬರೆದರು. ಮಾವಳ್ಳಿಯ ಅಡಿಗೆಮನೆಗೆ ಈ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ನಮ್ಮ ಮಕ್ಕಳಲ್ಲಿ ಕೆಲವರು ಇಲ್ಲಿಯೇ ಸ್ವಂತ ಉದ್ಯಮ ಹೂಡಬೇಕೆನ್ನುತ್ತಾರೆ. ‘ಬಂಡವಾಳವೆಲ್ಲಿದೆ? ಇದು ನಮ್ಮ ಊರೇ?’ ಎಂದು ತಡೆಯುವವರೂ ನಾವೇ. ಎಲ್ಲ ಅನುಕೂಲವೂ ಕೂಡಿಬರಲೆಂದು ಕಾದಿದ್ದರೆ ಪಾರಂಪಳ್ಳಿಯವರು ಊರನ್ನೇ ಬಿಡುತ್ತಿರಲಿಲ್ಲ. ಮಕ್ಕಳಿಗೆ ದೊಡ್ಡ ಸಾಲ ಮಾಡಿಕೊಡಬೇಕಾಗಿಲ್ಲ; ಒಂದು ಒಬ್ಬೆ ಕೆಟ್ಟರೆ ಬೈಯದೆ ಎರಡನೆಯದಕ್ಕೆ ರವೆ ಒದಗಿಸಿದರೆ ಸಾಕು. ಅಂಗಡಿಯಲ್ಲಿ ‘ಬೊಂಬಾಯಿ ರವ್ವ’ ಎಂದು ಕೇಳುವುದನ್ನು ಮಾತ್ರ ಮರೆಯಬಾರದು.